ಕಟ್ಟಿಸಿದ ಹಲ್ಲುಗಳನ್ನು ರೂಢಿಮಾಡಿಕೊಳ್ಳುವ ಕ್ರಮ

(ಮನೆಯಲ್ಲಿಯೂ ಕೂಟದಲ್ಲಿಯೂ ಓದಿ ವಿಚಾರಿಸತಕ್ಕ ಪಾಠ)



“ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ” ಎಂಬ ಗಾದೆಯನ್ನು ಅರಿಯದವರು ನಮ್ಮಲ್ಲಿ ಯಾರೂ ಇಲ್ಲ. ಈ ಗಾದೆ ಹುಟ್ಟಿದ ಕಾಲದಲ್ಲಿ ಹಲ್ಲು ಬಿದ್ದವನಿಗೆ ಬೇರೆ ಉಪಾಯವಿರಲಿಲ್ಲ. ಗಂಜಿ ಕುಡಿದು ದಿನ ಕಳೆಯುವದೇ ಅವನ ಪಾಲಿಗೆ ಬಂದದ್ದಾಗಿತ್ತು. ಈಗಲಾದರೋ ಪಟ್ಟಣದ ದಂತವೈದ್ಯರ ಬಳಿಗೆ ಹೋಗಿ ಹಲ್ಲು ಕಟ್ಟಿಸಿಕೊಳ್ಳುವದು ಹಳ್ಳಿಯವರಿಗೂ ಸಾಧ್ಯವಾಗಿದೆ. ಕರ್ನಾಟಕ ಸರಕಾರವು ೨೦೧೪-೧೫ನೆಯ ಸಾಲಿನಲ್ಲಿ ದಂತಭಾಗ್ಯ ಎಂಬ ಯೋಜನೆಯನ್ನು ಆರಂಭಿಸಿ, ಹಲ್ಲು ಕಳಕೊಂಡ ಬಡ ವೃದ್ಧರಿಗೆ ಕ್ರಯವಿಲ್ಲದೆ ಹಲ್ಲುಸೆಟ್ಟುಗಳನ್ನು ಮಾಡಿಸಿಕೊಟ್ಟಿತು. ಅಂಥ ಸಹಾಯ ಬೇಕಾದವರು ತಮ್ಮ ತಾಲೂಕಿನ ಸರಕಾರಿ ಆಸ್ಪತ್ರೆಯಲ್ಲಿ ವಿಚಾರಿಸತಕ್ಕದ್ದು.

ಆದರೆ ಹಲ್ಲು ಕಟ್ಟಿಸಿಕೊಳ್ಳುವದು ಒಂದು ಕೆಲಸ, ಅದನ್ನು ಧರಿಸಿ ಬಾಳುವದು ಇನ್ನೊಂದು ಕೆಲಸ. ಅನೇಕರು ಹೊಸ ಸೆಟ್ಟನ್ನು ಎರಡು ದಿನ ಹಾಕಿಕೊಂಡು, ಮೂರನೇ ದಿನ ನೋವಿನಿಂದಲೂ ಬೇಸರದಿಂದಲೂ ತೆಗೆದು, ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿ ಇಟ್ಟುಬಿಡುತ್ತಾರೆ. “ದುಡ್ಡು ನೀರಿನಲ್ಲಿ ಹೋಯಿತು” ಎಂದು ಮನೆಯವರು ಅನ್ನುತ್ತಾರೆ. ಹೋದದ್ದು ದುಡ್ಡು ಮಾತ್ರವಲ್ಲ. ಹಲ್ಲಿಲ್ಲದವರು ಕಾಳು, ಸೊಪ್ಪು, ಮಾಂಸ, ಹಣ್ಣು ಇವುಗಳನ್ನು ಒಂದೊಂದಾಗಿ ಬಿಟ್ಟು, ಬರಿಯ ಗಂಜಿ, ಚಹಾದಲ್ಲಿ ಅದ್ದಿದ ಬ್ರೆಡ್ಡು, ಇಷ್ಟಕ್ಕೇ ಇಳಿಯುತ್ತಾರೆ; ಮೈ ಸೊರಗುತ್ತದೆ. ಮದುವೆಯ ಪಂಕ್ತಿಯಲ್ಲಿ ಕೂತುಕೊಳ್ಳಲು ನಾಚುತ್ತಾರೆ, ಮಾತು ಕಡಿಮೆಮಾಡುತ್ತಾರೆ, ಕಡೆಗೆ ಮನೆಯ ಮೂಲೆಯೇ ಅವರ ಸ್ಥಳವಾಗುತ್ತದೆ. ಹೀಗಾಗದಂತೆ ಏನು ಮಾಡಬೇಕೆಂಬದನ್ನು ಈ ಪಾಠದಲ್ಲಿ ಕ್ರಮವಾಗಿ ವಿಚಾರಿಸೋಣ.

೧. ಈ ಹಲ್ಲುಗಳು ಎಂಥವು?

ಕಟ್ಟಿಸಿದ ಹಲ್ಲು ಹೊಸ ಸಂಗತಿಯಲ್ಲ. ಅಮೆರಿಕದ ಮೊದಲನೆಯ ಅಧ್ಯಕ್ಷರಾದ ಜಾರ್ಜ್ ವಾಷಿಂಗ್ಟನ್ ಎಂಬವರು ೧೭೮೯ರಲ್ಲಿ ಅಧಿಕಾರ ವಹಿಸಿದಾಗ ಅವರ ಬಾಯಲ್ಲಿ ಸ್ವಂತ ಹಲ್ಲು ಒಂದೇ ಉಳಿದಿತ್ತು. ಅವರ ಸೆಟ್ಟುಗಳು ಮರದವು ಎಂದು ಜನರು ಹೇಳುವದುಂಟು, ಅದು ನಿಜವಲ್ಲ. ನೀರಾನೆಯ ದಂತ, ಮನುಷ್ಯರ ಹಲ್ಲು, ಲೋಹದ ತಂತಿ ಇವುಗಳಿಂದ ಅವು ಮಾಡಲ್ಪಟ್ಟಿದ್ದವು. ಧರಿಸಿದಷ್ಟು ಕಾಲವೂ ನೋಯುತ್ತಿದ್ದವು. ೧೮೫೧ರಲ್ಲಿ ಅಮೆರಿಕದಲ್ಲಿ ಗಟ್ಟಿ ರಬ್ಬರನ್ನು ತಯಾರಿಸುವ ವಿಧಾನಕ್ಕೆ ಪೇಟೆಂಟು ದೊರೆತ ಮೇಲೆ, ಕಡಿಮೆ ಕ್ರಯಕ್ಕೆ ಬಾಯಿಯ ಅಳತೆಗೆ ಸರಿಯಾಗಿ ಸೆಟ್ಟು ಮಾಡುವದು ಸಾಧ್ಯವಾಯಿತು. ೧೯೩೦ರ ದಶಕದ ಕೊನೆಯಲ್ಲಿ ಅಕ್ರಿಲಿಕ್ ಎಂಬ ಪ್ಲಾಸ್ಟಿಕ್ ಬಳಕೆಗೆ ಬಂತು. ಈಗ ನಮ್ಮವರು ಧರಿಸುವ ಗುಲಾಬಿ ಬಣ್ಣದ ಸೆಟ್ಟುಗಳು ಹೆಚ್ಚಾಗಿ ಇದರಿಂದಲೇ ಆದವು.

ಹುಟ್ಟುಹಲ್ಲಿಗೂ ಇದಕ್ಕೂ ಇರುವ ಭೇದವನ್ನು ಮೊದಲು ತಿಳುಕೊಳ್ಳಬೇಕು. ಹುಟ್ಟುಹಲ್ಲು ಮರದಂತೆ ಬೇರು ಬಿಟ್ಟು ದವಡೆಯ ಎಲುಬಿನಲ್ಲಿ ನಿಂತಿರುತ್ತದೆ. ಕಟ್ಟಿಸಿದ ಹಲ್ಲಾದರೋ ನೆಲದ ಮೇಲೆ ಇಟ್ಟ ಮಣೆಯಂತೆ ವಸಡಿನ ಮೇಲೆ ಕೂತಿರುತ್ತದೆ, ಅಷ್ಟೇ. ಆದಕಾರಣ ಅದರಿಂದ ಅಗಿಯುವ ಬಲವು ಹುಟ್ಟುಹಲ್ಲಿನ ಬಲದ ನಾಲ್ಕರಲ್ಲಿ ಒಂದು ಪಾಲು, ಕೆಲವರಲ್ಲಿ ಅದಕ್ಕಿಂತಲೂ ಕಡಿಮೆ. ಇಪ್ಪತ್ತು ವರ್ಷದ ಪ್ರಾಯದಲ್ಲಿ ಕಬ್ಬು ಸಿಗಿದ ಬಾಯಿ ಮರಳಿ ಬರುವದೆಂದು ನೆನಸುವವನು ನಿರಾಶೆ ಹೊಂದುವನು. ಇದು ಕಾಲು ಕಳಕೊಂಡವನ ಊರುಗೋಲಿನ ಹಾಗೆ: ಓಡುವದಕ್ಕಲ್ಲ, ನಡೆಯುವದಕ್ಕೆ.

ಮೇಲಿನ ಸೆಟ್ಟು ಅಂಗುಳವನ್ನೆಲ್ಲಾ ಮುಚ್ಚುವದರಿಂದಲೂ ನಡುವೆ ಬಾಯಿನೀರಿನ ತೆಳುವಾದ ಪದರ ಇರುವದರಿಂದಲೂ, ಒದ್ದೆಯಾದ ಎರಡು ಗಾಜುಗಳು ಅಂಟಿಕೊಳ್ಳುವಂತೆ ಅಂಟಿಕೊಂಡಿರುತ್ತದೆ. ಕೆಳಗಿನ ಸೆಟ್ಟಿಗೆ ಸ್ಥಳ ಸಣ್ಣದು. ಅದಲ್ಲದೆ ನಾಲಿಗೆಯೂ ಕೆನ್ನೆಯೂ ಅದನ್ನು ಮೇಲಿಂದ ಮೇಲೆ ತಳ್ಳುತ್ತವೆ. ಹೀಗಿರುವದರಿಂದ ಎಲ್ಲರಿಗೂ ಕೆಳಗಿನದೇ ಹೆಚ್ಚು ತೊಂದರೆಕೊಡುವದು. ನಾಲಿಗೆಯ ತುದಿಯನ್ನು ಕೆಳಗಿನ ಮುಂದಿನ ಹಲ್ಲುಗಳ ಹಿಂಭಾಗಕ್ಕೆ ಮೆಲ್ಲಗೆ ತಾಗಿಸಿ ಇಟ್ಟುಕೊಳ್ಳುವ ಅಭ್ಯಾಸ ಮಾಡಿದರೆ ಅದು ಕದಲದೆ ಕೂತಿರುವದು. ಹಿಂದಕ್ಕೆ ಎಳೆದ ನಾಲಿಗೆಯು ಸೆಟ್ಟನ್ನು ಎಬ್ಬಿಸುವದು.

೨. ಮೊದಲಿನ ದಿವಸಗಳು

ಮೊದಲಿನ ದಿವಸಗಳಲ್ಲಿ ನಾಲ್ಕು ಸಂಗತಿಗಳು ಬರುವವು. ಇವು ಸೆಟ್ಟಿನ ದೋಷವಲ್ಲ. ಬಾಯಿಯು ಹೊಸ ವಸ್ತುವನ್ನು ಪರಿಚಯ ಮಾಡಿಕೊಳ್ಳುವ ರೀತಿ.

ಮೊದಲನೇದು, ಬಾಯಿ ತುಂಬಿದಂತೆ ಇರುವದು. ತುಟಿಯು ಮುಂದಕ್ಕೆ ಬಂದಂತೆ ತೋರುವದು. ಕೆಲವು ವಾರಗಳಲ್ಲಿ ಈ ಭಾವನೆ ಇಳಿಯುತ್ತದೆ.

ಎರಡನೇದು, ಬಾಯಿನೀರು ಬಹಳವಾಗಿ ಬರುವದು. ಬಾಯಿಯು ಸೆಟ್ಟನ್ನು ಆಹಾರವೆಂದೆಣಿಸಿ ನೀರನ್ನು ಸುರಿಸುತ್ತದೆ. ಅದನ್ನು ಉಗುಳುತ್ತಾ ಕೂಡ್ರಬಾರದು, ನುಂಗಬೇಕು. ಕೆಲವು ದಿವಸಗಳಲ್ಲಿ ತಾನೇ ಕಡಿಮೆಯಾಗುವದು.

ಮೂರನೇದು, ಕೆಲವರಿಗೆ ಓಕರಿಕೆ ಬರುವದು. ಆಗ ಮೂಗಿನಿಂದ ನಿಧಾನವಾಗಿ ಉಸಿರಾಡಿ, ಮನಸ್ಸನ್ನು ಬೇರೆ ಕೆಲಸದ ಮೇಲೆ ಇಡಬೇಕು. ಮೊದಲು ಸ್ವಲ್ಪ ಹೊತ್ತು ಧರಿಸಿ, ದಿನದಿನಕ್ಕೆ ಹೊತ್ತನ್ನು ಹೆಚ್ಚಿಸಬೇಕು. ಒಂದು ವಾರವಾದರೂ ಹೋಗದಿದ್ದರೆ ಸೆಟ್ಟಿನ ಹಿಂದಿನ ಅಂಚು ಉದ್ದವಾಗಿರಬಹುದು, ವೈದ್ಯರಿಗೆ ಹೇಳತಕ್ಕದ್ದು.

ನಾಲ್ಕನೇದು, ವಸಡು ಅಲ್ಲಲ್ಲಿ ಒತ್ತಿ ನೋಯುವದು. ಹೊಸ ಕೆರ ಕಾಲನ್ನು ಕಚ್ಚುವದಿಲ್ಲವೇ? ಹಾಗೆಯೇ ಇದು. ಬೆಚ್ಚಗಿನ ಉಪ್ಪುನೀರಿನಿಂದ ದಿನಕ್ಕೆ ಎರಡು ಮೂರು ಸಾರಿ ಬಾಯಿ ಮುಕ್ಕಳಿಸಿದರೆ ಹಿತವಾಗುವದು. ನೋವು ನಿಲ್ಲದಿದ್ದರೆ ಏನು ಮಾಡಬೇಕೆಂಬದನ್ನು ಮುಂದೆ ಹೇಳುವೆವು.

ಚೆನ್ನಾಗಿ ಅಗಿಯಲು ಕಲಿಯುವದಕ್ಕೆ ಸಾಧಾರಣವಾಗಿ ಆರರಿಂದ ಎಂಟು ವಾರಗಳು ಬೇಕು. ಎಳೆಯ ಹೋರಿಯನ್ನು ನೊಗಕ್ಕೆ ಹೂಡಿದ ಮೊದಲನೆಯ ದಿನವೇ ಅದು ನೇರವಾದ ಸಾಲು ಹೊಡೆಯುವದೆಂದು ಯಾವ ಒಕ್ಕಲಿಗನೂ ನಿರೀಕ್ಷಿಸುವದಿಲ್ಲ. ತನ್ನ ಬಾಯಿಯ ವಿಷಯದಲ್ಲಿಯೂ ಅವನು ಅಷ್ಟು ತಾಳ್ಮೆಯನ್ನು ತೋರಿಸಲಿ.

೩. ಊಟದ ಕ್ರಮ

ಮೊದಲಿನ ಕೆಲವು ದಿವಸ ಮೆತ್ತಗಿನ ಪದಾರ್ಥಗಳನ್ನೇ ಉಣ್ಣಬೇಕು: ರಾಗಿ ಅಂಬಲಿ, ಕುಚ್ಚಲಕ್ಕಿ ಗಂಜಿ, ಮೆತ್ತಗೆ ಬೆಂದ ಅನ್ನ ತೊವ್ವೆ, ಇಡ್ಲಿ, ಬೇಯಿಸಿದ ಮೊಟ್ಟೆ, ಮಾಗಿದ ಬಾಳೆಹಣ್ಣು. ಆಮೇಲೆ ಬೆಂದ ಪಲ್ಯ, ಮೀನು, ಸಣ್ಣಗೆ ಹೆಚ್ಚಿ ಬೇಯಿಸಿದ ಮಾಂಸ. ಕಡೆಗೆ ರೊಟ್ಟಿ ಚಪಾತಿ. ಈ ಮೆಟ್ಟಲುಗಳನ್ನು ಒಂದೊಂದಾಗಿ ಹತ್ತತಕ್ಕದ್ದು.

ಅಗಿಯುವಾಗ ಮೂರು ನಿಯಮಗಳನ್ನು ನೆನಪಿನಲ್ಲಿಡಬೇಕು. ಒಂದು: ತುತ್ತು ಸಣ್ಣದಾಗಿರಲಿ. ಎರಡು: ಎರಡು ಕಡೆಯ ದವಡೆಯಲ್ಲಿಯೂ ಒಂದೇ ಸಮಯಕ್ಕೆ ಅಗಿಯಿರಿ. ಹುಟ್ಟುಹಲ್ಲಿದ್ದಾಗ ಒಂದೇ ಕಡೆ ಅಗಿಯುವ ರೂಢಿ ಬಹಳ ಜನರಿಗೆ ಉಂಟು. ಸೆಟ್ಟಿನಲ್ಲಿ ಹಾಗೆ ಮಾಡಿದರೆ ಒಂದು ಕಡೆ ಭಾರ ಬಿದ್ದು ಇನ್ನೊಂದು ಕಡೆ ಏಳುತ್ತದೆ. ಎತ್ತಿನ ಗಾಡಿಗೆ ಒಂದೇ ಪಕ್ಕದಲ್ಲಿ ಮೂಟೆ ಹೇರುವವರುಂಟೇ? ಮೂರು: ಮುಂದಿನ ಹಲ್ಲುಗಳಿಂದ ಕಚ್ಚಿ ಎಳೆಯಬಾರದು. ಹಾಗೆ ಮಾಡಿದರೆ ಮೇಲಿನ ಸೆಟ್ಟಿನ ಹಿಂದಿನ ಅಂಚು ಕಳಚಿ, ಎಲ್ಲರ ಮುಂದೆ ಅದು ಬಿದ್ದೇಹೋಗಬಹುದು. ಸೀಬೆಹಣ್ಣು, ಮುಸುಕಿನ ಜೋಳ ಇವುಗಳನ್ನು ಚೂರಿಯಿಂದ ಕೊಯ್ದು ಅಥವಾ ಕಾಳು ಬಿಡಿಸಿ ಬೇಯಿಸಿ ತಿನ್ನಬೇಕು. ಜೋಳದ ರೊಟ್ಟಿಯನ್ನು ಕೈಯಿಂದ ಸಣ್ಣಗೆ ಮುರಿದು ಸಾರಿನಲ್ಲಿ ನೆನಸಿದರೆ ರುಚಿಯೂ ಕೆಡುವದಿಲ್ಲ, ವಸಡಿಗೂ ನೋವಾಗುವದಿಲ್ಲ. ಕಬ್ಬಿನ ಆಶೆಯುಳ್ಳವರು ಅದರ ಹಾಲು ಕುಡಿಯಲಿ.

ಮುದ್ದೆಯನ್ನು ಉಣ್ಣುವವರಿಗೆ ಒಂದು ಅನುಕೂಲತೆ ಉಂಟು. ಅದನ್ನು ಅಗಿಯದೆ ನುಂಗುವರಷ್ಟೆ. ಆದರೆ ಒಂದು ಎಚ್ಚರಿಕೆ: ಅಂಗುಳವು ಮುಚ್ಚಿರುವದರಿಂದ ಬಿಸಿಯು ಬಾಯಿಗೆ ಬೇಗ ತಿಳಿಯದು. ಬಿಸಿ ಮುದ್ದೆ, ಬಿಸಿ ಕಾಫಿ ಇವು ಗಂಟಲಿಗೆ ಹೋದ ಮೇಲೆ ಸುಟ್ಟದ್ದು ಗೊತ್ತಾಗುವದು. ಆದದರಿಂದ ಆರಿಸಿ ತೆಗೆದುಕೊಳ್ಳಿರಿ. ಅದೇ ಕಾರಣದಿಂದ ಮೀನಿನ ಮುಳ್ಳೂ ಸಣ್ಣ ಎಲುಬೂ ನಾಲಿಗೆಗೆ ಸಿಕ್ಕದೆ ಜಾರಿಹೋಗಬಹುದು; ಕರಾವಳಿಯವರು ಮುಳ್ಳನ್ನು ಬೆಳಕಿನಲ್ಲಿ ನೋಡಿ ತೆಗೆದ ಮೇಲೆಯೇ ತುತ್ತು ಮಾಡಲಿ. ಮೊದಮೊದಲು ರುಚಿ ಕಡಿಮೆಯಾದಂತೆ ತೋರುವದು. ರುಚಿಯನ್ನು ತಿಳಿಯುವದು ಹೆಚ್ಚಾಗಿ ನಾಲಿಗೆಯೇ. ಆದದರಿಂದ ದಿನ ಕಳೆದ ಹಾಗೆ ಈ ಕೊರತೆಯು ತುಂಬುವದು. ಅಷ್ಟರೊಳಗೆ ಉಪ್ಪನ್ನೂ ಸಕ್ಕರೆಯನ್ನೂ ಹೆಚ್ಚಿಸಿಕೊಳ್ಳಬಾರದು.

ಅಂಟುವ ಮಿಠಾಯಿ, ಗಟ್ಟಿ ಚಿಕ್ಕಿ, ಎಳ್ಳು ಮತ್ತು ಸೀಬೆಯ ಬೀಜ ಇವು ಸೆಟ್ಟನ್ನು ಎಬ್ಬಿಸುತ್ತವೆ, ಇಲ್ಲವೆ ಅದರ ಕೆಳಗೆ ಸೇರಿ ವಸಡನ್ನು ಚುಚ್ಚುತ್ತವೆ. ಆದರೆ ಗಟ್ಟಿ ಪದಾರ್ಥ ಬೇಡವೆಂದು ಸಾರವುಳ್ಳ ಆಹಾರವನ್ನೇ ಬಿಡಬಾರದು. ಕಡಲೆಕಾಯಿಯನ್ನು ಹುರಿದು ಪುಡಿಮಾಡಿರಿ. ಹುರುಳಿ, ಹೆಸರು ಕಾಳುಗಳನ್ನು ಮೊಳಕೆ ಕಟ್ಟಿ ಮೆತ್ತಗೆ ಬೇಯಿಸಿರಿ. ಸೊಪ್ಪನ್ನು ಮಸ್ಸೊಪ್ಪು ಮಾಡಿರಿ. ಮಾಂಸವನ್ನು ಕೈಮಾ ಮಾಡಿಸಿರಿ. ಗಾದೆಯ ಕಡಲೆಯೂ ಹುರಿಗಡಲೆಯ ಹಿಟ್ಟಾಗಿ ಹಲ್ಲಿಲ್ಲದವನಿಗೆ ದೊರಕುವದು.

ಎಲೆ ಅಡಿಕೆಯ ವಿಷಯದಲ್ಲಿ ಸ್ಪಷ್ಟವಾಗಿ ಹೇಳಬೇಕಾಗಿದೆ. ಗಟ್ಟಿ ಅಡಿಕೆಯು ಸೆಟ್ಟನ್ನು ಸೀಳಬಹುದು; ಕಲೆಯಂತೂ ಹಿಡಿಯುವದು. ಅದಕ್ಕಿಂತ ಭಾರವಾದ ಸಂಗತಿ ಏನಂದರೆ, ಲೋಕಾರೋಗ್ಯ ಸಂಸ್ಥೆಗೆ ಸೇರಿದ ಕ್ಯಾನ್ಸರ್ ಸಂಶೋಧನಾ ಮಂಡಲಿಯು ೨೦೦೪ರಲ್ಲಿ ಪ್ರಕಟಿಸಿದ ತೀರ್ಮಾನದ ಮೇರೆಗೆ, ಹೊಗೆಸೊಪ್ಪಿಲ್ಲದ ಅಡಿಕೆಯೂ ಸಹ ಮನುಷ್ಯರಲ್ಲಿ ಕ್ಯಾನ್ಸರನ್ನು ಉಂಟುಮಾಡುವ ವಸ್ತು. ಹೊಸ ಹಲ್ಲು ಬಂದ ದಿನವೇ ಆ ಚೀಲವನ್ನು ಬಿಡುವದಕ್ಕೆ ಒಳ್ಳೇ ದಿನ.

೪. ಮಾತು, ಓದು, ಹಾಡು

ಸ, ಶ, ಚ, ಜ ಮುಂತಾದ ಅಕ್ಷರಗಳು ಮೊದಲು ಸರಿಯಾಗಿ ಹೊರಡವು. ಕೆಲವೊಮ್ಮೆ ಸಿಳ್ಳಿನಂತೆ ಸ್ವರ ಬರುವದು, ಕೆಲವೊಮ್ಮೆ ಹಲ್ಲುಗಳು ಟಕಟಕ ಎನ್ನುವವು. ಇದಕ್ಕೆ ಒಂದೇ ಮದ್ದು: ದಿನಕ್ಕೆ ಕಾಲು ತಾಸು ಒಂದು ಪುಸ್ತಕವನ್ನು ಗಟ್ಟಿಯಾಗಿ, ನಿಧಾನವಾಗಿ ಓದುವದು. ಯಾವ ಮಾತು ತೊಡಕುವದೋ ಅದನ್ನು ಹತ್ತು ಸಾರಿ ಹೇಳಬೇಕು. ಓದುಬಾರದವರು ಬಾಯಿಪಾಠ ಬಂದದ್ದನ್ನು ಹೇಳಲಿ, ಒಂದರಿಂದ ನೂರರ ವರೆಗೆ ಎಣಿಸಲಿ, ಮೊಮ್ಮಕ್ಕಳಿಗೆ ಕಥೆ ಹೇಳಲಿ. ಸಭೆಯಲ್ಲಿ ಓದುವ ಕೆಲಸವುಳ್ಳ ಹಿರಿಯರು ಹೊಸ ಹಲ್ಲಿನ ನಾಚಿಕೆಯಿಂದ ಆ ಕೆಲಸವನ್ನು ಶಾಶ್ವತವಾಗಿ ಬಿಟ್ಟುಕೊಡಬಾರದು. ಮನೆಯಲ್ಲಿ ಎರಡು ಮೂರು ವಾರ ಅಭ್ಯಾಸಮಾಡಿ ತಿರಿಗಿ ನಿಲ್ಲಲಿ. ಹಾಡುವವರು ಮೊದಲು ತಗ್ಗಿನ ಸ್ವರದಲ್ಲಿ ಹಾಡಿ, ಬಾಯನ್ನು ಅಗಲವಾಗಿ ತೆರೆಯುವದನ್ನು ಕ್ರಮೇಣ ಕಲಿಯಲಿ. ಕೆಮ್ಮು, ಸೀನು, ಆಕಳಿಕೆ ಬಂದಾಗ ಬಾಯಿಗೆ ಕೈ ಅಡ್ಡ ಹಿಡಿಯುವದು ಲೇಸು.

೫. ಶುಚಿ ಮತ್ತು ರಾತ್ರಿಯ ವಿಶ್ರಾಂತಿ

ಪ್ರತಿ ಊಟವಾದ ಮೇಲೆ ಸೆಟ್ಟನ್ನು ತೆಗೆದು ನೀರಿನಲ್ಲಿ ತೊಳೆದು, ಬಾಯನ್ನೂ ಮುಕ್ಕಳಿಸಬೇಕು. ದಿನಕ್ಕೆ ಒಂದು ಸಾರಿಯಾದರೂ ಮೆತ್ತಗಿನ ಬ್ರಶ್ಶಿನಿಂದ ಸಾಬೂನುನೀರು ಹಚ್ಚಿ ಒಳಗೂ ಹೊರಗೂ ಉಜ್ಜಿ, ಚೆನ್ನಾಗಿ ತೊಳೆಯಬೇಕು. ಬೂದಿ, ಇದ್ದಲು, ಇಟ್ಟಿಗೆ ಪುಡಿ, ಉಪ್ಪು ಇವು ಬೇಡ. ಹಲ್ಲುಪುಡಿಯೂ ಪೇಸ್ಟೂ ಬೇಡ. ಇವು ಸೆಟ್ಟಿನ ಮೇಲೆ ಸಣ್ಣ ಗೀರುಗಳನ್ನು ಮಾಡುವವು. ಆ ಗೀರುಗಳಲ್ಲಿ ಕೊಳೆ ನಿಲ್ಲುವದು. ಕುದಿಯುವ ನೀರನ್ನಂತೂ ಮುಟ್ಟಿಸಬಾರದು. ಸೆಟ್ಟು ಸೊಟ್ಟಗಾಗಿ ಮರಳಿ ಬಾಯಿಗೆ ಕೂಡ್ರದು. ಬಾವಿಕಟ್ಟೆಯ ಕಲ್ಲಿನ ಮೇಲೆ ನಿಂತು ತೊಳೆಯುವವರ ಸೆಟ್ಟು ಕೈಜಾರಿ ಎರಡು ತುಂಡಾಗುವದು ಸಾಧಾರಣ. ಕೆಳಗೆ ನೀರು ತುಂಬಿದ ಬೋಗುಣಿ ಇಟ್ಟುಕೊಂಡೇ ತೊಳೆಯಿರಿ. ವಸಡನ್ನೂ ನಾಲಿಗೆಯನ್ನೂ ಒದ್ದೆ ಬಟ್ಟೆ ಸುತ್ತಿದ ಬೆರಳಿನಿಂದ ಮೆಲ್ಲಗೆ ಒರಸಬೇಕು.

ರಾತ್ರಿ ಮಲಗುವಾಗ ಸೆಟ್ಟನ್ನು ತೆಗೆದು, ಮುಚ್ಚಳವಿರುವ ಪಾತ್ರೆಯಲ್ಲಿ ಶುದ್ಧವಾದ ತಣ್ಣೀರಿನಲ್ಲಿ ಇಡತಕ್ಕದ್ದು. ಒಣಗಲು ಬಿಟ್ಟರೆ ಅದರ ಆಕಾರ ಕೆಡುವದು. ತೆರೆದಿಟ್ಟರೆ ನಾಯಿ, ಇಲಿ, ಮಕ್ಕಳು ಇವರ ಭಯವುಂಟು. ಹಗಲೂ ರಾತ್ರಿಯೂ ಧರಿಸುವವರ ಅಂಗುಳವು ಬೂಷ್ಟಿನ ಜಾತಿಯ ಒಂದು ರೋಗದಿಂದ ಕೆಂಪಾಗುವದು. ಇನ್ನೊಂದು ಅಪಾಯವೂ ಇದೆ. ಜಪಾನಿನಲ್ಲಿ ೮೫ ವರ್ಷವೂ ಅದಕ್ಕೆ ಮೇಲೂ ಆದ ೫೨೪ ಮಂದಿ ವೃದ್ಧರನ್ನು ಮೂರು ವರ್ಷ ಗಮನಿಸಿ, ೨೦೧೫ರಲ್ಲಿ ಪ್ರಕಟಿಸಿದ ಒಂದು ಶೋಧನೆಯಲ್ಲಿ, ಹಲ್ಲು ಧರಿಸಿಯೇ ನಿದ್ದೆಮಾಡುವವರಿಗೆ ನ್ಯುಮೋನಿಯಾ ಬರುವ ಸಂಭವವು ಇತರರಿಗಿಂತ ಎರಡು ಪಾಲಿಗೂ ಹೆಚ್ಚಾಗಿ ಕಂಡಿತು. ಬಾಯಿಯ ಕೊಳೆಯು ನಿದ್ದೆಯಲ್ಲಿ ಶ್ವಾಸದೊಡನೆ ಎದೆಗೆ ಇಳಿಯುವದೇ ಇದಕ್ಕೆ ಕಾರಣವೆಂದು ತಿಳಿಯಲಾಗಿದೆ.

೬. ಯಾವಾಗ ವೈದ್ಯರ ಬಳಿಗೆ ಹೋಗಬೇಕು?

ಸೆಟ್ಟು ಕೊಟ್ಟ ದಿನವೇ ವೈದ್ಯರ ಕೆಲಸ ಮುಗಿಯಲಿಲ್ಲ. ಮೊದಲಿನ ವಾರದಲ್ಲಿ ಒಂದೆರಡು ಸಾರಿ ಹೋಗಿ ಒತ್ತುವ ಸ್ಥಳವನ್ನು ತಿದ್ದಿಸಿಕೊಳ್ಳಬೇಕು. ಬಸ್ಸಿನ ಖರ್ಚಿಗೆ ಹೆದರಿ ಮನೆಯಲ್ಲಿ ಅರದಿಂದ ತಿಕ್ಕುವದು, ಚೂರಿಯಿಂದ ಕೆರೆಯುವದು, ಮುರಿದದ್ದನ್ನು ಅಂಗಡಿಯ ಅಂಟಿನಿಂದ ಅಂಟಿಸುವದು, ಇವುಗಳಿಂದ ಸೆಟ್ಟು ಪೂರಾ ಹಾಳಾಗುವದು. ಆ ಅಂಟು ಬಾಯಿಗೂ ಕೇಡು. ನೋವೆಂದು ಸೆಟ್ಟನ್ನು ತೆಗೆದಿಟ್ಟಿದ್ದರೂ, ವೈದ್ಯರ ಬಳಿಗೆ ಹೋಗುವ ಹಿಂದಿನ ದಿನ ಅದನ್ನು ಹಾಕಿಕೊಂಡಿರಬೇಕು. ಆಗಲೇ ಯಾವ ಸ್ಥಳ ಕೆಂಪಾಗಿದೆಯೆಂದು ಅವರಿಗೆ ಕಾಣುವದು.

ಹಲ್ಲು ಕಿತ್ತ ಮೇಲೆ ದವಡೆಯ ಎಲುಬು ಸವೆಯುತ್ತದೆ. ಮೊದಲಿನ ವರ್ಷದಲ್ಲಿ ಹೆಚ್ಚು, ಆಮೇಲೆ ನಿಧಾನವಾಗಿ. ಆದಕಾರಣ ಸರಿಯಾಗಿದ್ದ ಸೆಟ್ಟು ಕಾಲಕ್ರಮದಲ್ಲಿ ಸಡಿಲವಾಗುವದು ಸಹಜ. ಒಳಭಾಗಕ್ಕೆ ಹೊಸ ಪದರ ಕೊಡಿಸಬಹುದು. ಐದಾರು ವರ್ಷಗಳಿಗೊಮ್ಮೆ ಹೊಸದನ್ನು ಮಾಡಿಸಬೇಕಾಗಿ ಬರಬಹುದು. ಎರಡು ಮೂರು ವಾರಗಳಲ್ಲಿ ಮಾಯದ ಹುಣ್ಣು, ಬಿಳಿ ಇಲ್ಲವೆ ಕೆಂಪು ಮಚ್ಚೆ, ಗಂಟು, ಬಾಯಿ ತೆರೆಯಲಾಗದಿರುವದು ಇವು ಕಂಡರೆ, ನೋವಿಲ್ಲದಿದ್ದರೂ ತಡಮಾಡದೆ ತೋರಿಸಬೇಕು. ಒಂದೆರಡೇ ಹಲ್ಲುಳ್ಳ ಸಣ್ಣ ಸೆಟ್ಟನ್ನು ಯಾರಾದರೂ ನುಂಗಿಬಿಟ್ಟರೆ ಬಾಳೆಹಣ್ಣು ತಿನ್ನಿಸಿ ಕಾಯುತ್ತಾ ಇರದೆ ಕೂಡಲೆ ದೊಡ್ಡ ಆಸ್ಪತ್ರೆಗೆ ಕರಕೊಂಡುಹೋಗಬೇಕು.

ಸಂತೆಯಲ್ಲಿ ಕೂತು ಒಂದು ತಾಸಿನಲ್ಲಿ ಹಲ್ಲು ಕಟ್ಟುವವರ ಬಳಿಗೆ ಹೋಗಬೇಡಿರಿ. ಅವರು ವಸಡಿನ ಮೇಲೆಯೇ ಪ್ಲಾಸ್ಟಿಕ್ ಹಿಟ್ಟನ್ನು ಮೆತ್ತಿ, ಪಕ್ಕದ ಒಳ್ಳೇ ಹಲ್ಲಿಗೆ ತಂತಿಯಿಂದ ಬಿಗಿಯುವರು. ಅದನ್ನು ತೆಗೆದು ತೊಳೆಯುವ ಹಾಗಿಲ್ಲವಾದದರಿಂದ ಉಳಿದ ಹಲ್ಲುಗಳೂ ಕೊಳೆಯುವವು. ದಂತವೈದ್ಯರ ಹೆಸರು ಸರಕಾರದ ರಿಜಿಸ್ಟರಿನಲ್ಲಿ ಇರಬೇಕೆಂದು ೧೯೪೮ರಲ್ಲಿಯೇ ಕಾನೂನಾಯಿತು. ತೀರಿಹೋದ ತಂದೆಯ ಸೆಟ್ಟನ್ನು ಮಗನು ಹಾಕಿಕೊಳ್ಳುವದೂ ಬೇಡ. ಒಬ್ಬನ ಬಾಯಿಯ ಅಚ್ಚು ಇನ್ನೊಬ್ಬನಿಗೆ ಒಪ್ಪದು.

೭. ಮನೆಯವರ ಕರ್ತವ್ಯ

ಹೊಸ ಹಲ್ಲಿನ ಅಭ್ಯಾಸವು ಅರ್ಧ ಬಾಯಲ್ಲಿ, ಅರ್ಧ ಮನೆಯಲ್ಲಿ ಆಗುವದು. ಅತ್ತೆಯು ಮೊದಲ ಸಾರಿ ಸೆಟ್ಟು ಹಾಕಿ ಮಾತಾಡಿದಾಗ ಹುಡುಗರು ನಕ್ಕರೆ, ಸೊಸೆಯೂ ಸೆರಗು ಅಡ್ಡ ಹಿಡಿದು ನಕ್ಕರೆ, ಆ ತಾಯಿಯು ಮತ್ತೆ ಅದನ್ನು ಮುಟ್ಟುವಳೇ? ನಗಬಾರದು, ದಿಟ್ಟಿಸಿ ನೋಡಲೂಬಾರದು. ಮುದುಕರ ಊಟಕ್ಕೆ ಹೊತ್ತು ಹೆಚ್ಚು ಬೇಕು. ಎಲ್ಲರೂ ಎದ್ದುಹೋದ ಮೇಲೆ ಒಬ್ಬರೇ ಅಗಿಯುತ್ತಾ ಕೂಡ್ರುವಂತೆ ಮಾಡಬೇಡಿರಿ. ಮನೆಯವರೆಲ್ಲರಿಗೆ ಮಾಡಿದ ಸಾರಿನಿಂದಲೇ ಅವರ ಪಾಲನ್ನು ಇನ್ನೂ ಸ್ವಲ್ಪ ಬೇಯಿಸಿ ಮಸೆದು ಕೊಟ್ಟರೆ ಬೇರೆ ಅಡಿಗೆಯ ಶ್ರಮವಿಲ್ಲ, ಅವರಿಗೆ ಬೇರೆಯವರಾದೆವೆಂಬ ದುಃಖವೂ ಇಲ್ಲ. ಕೈ ನಡುಗುವವರ, ಕಣ್ಣು ಕಾಣದವರ ಸೆಟ್ಟನ್ನು ಮಕ್ಕಳು ತೊಳೆದುಕೊಡಲಿ. ಇದು ಹೇಸುವ ಕೆಲಸವಲ್ಲ. ನಮ್ಮ ಬಾಯನ್ನು ತೊಳೆದು ತುತ್ತು ಇಟ್ಟವರು ಅವರೇ. ರೋಗಿಯು ಪ್ರಜ್ಞೆ ತಪ್ಪಿದರೆ, ಮೂರ್ಛೆರೋಗದ ಸೆಳೆತ ನಿಂತ ಮೇಲೆ, ಇಲ್ಲವೆ ಶಸ್ತ್ರಚಿಕಿತ್ಸೆಗೆ ಒಯ್ಯುವಾಗ, ಸೆಟ್ಟನ್ನು ಬಾಯಿಂದ ತೆಗೆದಿಡುವದನ್ನು ಮನೆಯವರು ಮರೆಯಬಾರದು. ಸೆಳೆತವಿರುವಾಗಲಂತೂ ಬಾಯೊಳಗೆ ಬೆರಳು ಹಾಕಬಾರದು.

ಯಾರ ಮನೆಯಲ್ಲಾದರೂ ಬಟ್ಟೆಯಲ್ಲಿ ಸುತ್ತಿಟ್ಟ ಸೆಟ್ಟು ಇದ್ದರೆ ಈ ವಾರವೇ ಹೊರಗೆ ತೆಗೆಯಿರಿ. ಬಹಳ ದಿನ ಒಣಗಿದ್ದನ್ನು ಬಲವಂತವಾಗಿ ಹಾಕಿಕೊಳ್ಳದೆ, ನೀರಿನಲ್ಲಿಟ್ಟು ವೈದ್ಯರ ಬಳಿಗೆ ಒಯ್ದು, ತಿದ್ದಿದರೆ ಸಾಕೋ ಹೊಸದು ಬೇಕೋ ಎಂದು ಕೇಳಿರಿ. ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಮಾತು ಮುದಿಪ್ರಾಯದವರಿಗೂ ಸಲ್ಲುವದು.

ವಿಚಾರಿಸತಕ್ಕ ಪ್ರಶ್ನೆಗಳು

೧. ಹುಟ್ಟುಹಲ್ಲಿಗೂ ಕಟ್ಟಿಸಿದ ಹಲ್ಲಿಗೂ ಇರುವ ಮುಖ್ಯ ಭೇದವೇನು? ಅದರಿಂದ ಊಟದ ರೀತಿಯಲ್ಲಿ ಏನು ಬದಲಾಗಬೇಕು?
೨. ಮೊದಲಿನ ದಿವಸಗಳಲ್ಲಿ ಬರುವ ನಾಲ್ಕು ಸಂಗತಿಗಳು ಯಾವುವು? ಅವುಗಳಲ್ಲಿ ತಾನೇ ಹೋಗುವವು ಯಾವುವು, ವೈದ್ಯರಿಗೆ ತೋರಿಸತಕ್ಕವು ಯಾವುವು?
೩. ಬಿಸಿ ಪದಾರ್ಥದ ವಿಷಯದಲ್ಲಿಯೂ ಮೀನಿನ ಮುಳ್ಳಿನ ವಿಷಯದಲ್ಲಿಯೂ ಯಾಕೆ ಎಚ್ಚರವಾಗಿರಬೇಕು?
೪. ರಾತ್ರಿ ಸೆಟ್ಟನ್ನು ಎಲ್ಲಿ, ಹೇಗೆ ಇಡಬೇಕು? ಧರಿಸಿಯೇ ಮಲಗಿದರೆ ಏನು ಅಪಾಯ?
೫. ನಮ್ಮ ಊರಿನಲ್ಲಿ ಊಟಕ್ಕೆ ಕಷ್ಟಪಡುವ ಹಿರಿಯರು ಯಾರಿದ್ದಾರೆ? ಅವರನ್ನು ವೈದ್ಯರ ಬಳಿಗೆ ಕರಕೊಂಡುಹೋಗುವದಕ್ಕೆ ನಮ್ಮಲ್ಲಿ ಯಾರು ಸಿದ್ಧರು?